ಹಳೆಯ ಗಣಕಯಂತ್ರಗಳ ಸಂಗೀತ ಮತ್ತು ಅಂತರಜಾಲ ಬಾನುಲಿ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೂರು ಬಗೆಯ ಆಕರಗಳನ್ನು ಆಶ್ರಯಿಸುತ್ತಾರೆ: ಸ್ವರಲಿಪಿ, ಧ್ವನಿಮುದ್ರಿಕೆ ಮತ್ತು ಕಲಾವಿದರ ನೆನಪು. ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಮನೆಬಳಕೆಯ ಗಣಕಯಂತ್ರಗಳಲ್ಲಿ ಹುಟ್ಟಿದ ಸಂಗೀತವು ಈ ಮೂರರಲ್ಲಿ ಯಾವುದಕ್ಕೂ ಪೂರ್ಣವಾಗಿ ಒಳಪಡುವುದಿಲ್ಲ. ಅದು ಕಾಗದದ ಮೇಲೆ ಬರೆದ ಲಿಪಿಯಲ್ಲ. ಧ್ವನಿಮುದ್ರಣ ಸಂಸ್ಥೆಗಳು ಹೊರತಂದ ತಟ್ಟೆಯೂ ಅಲ್ಲ. ಅದು ಒಂದು ನಿರ್ದಿಷ್ಟ ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಸರಣಿ. ಆ ಯಂತ್ರವು ಅಟ್ಟ ಸೇರಿದ ದಿನ ಆಜ್ಞೆಗಳು ಉಳಿದರೂ ನಾದ ಉಳಿಯುವುದಿಲ್ಲ.

ಇಂಥ ಸಂಗೀತವು ಇಂದಿಗೂ ಕೇಳಿಬರುತ್ತಿದೆ, ಅದರ ಕರ್ತೃಗಳ ಹೆಸರುಗಳು ಇಂದಿಗೂ ತಿಳಿದಿವೆ ಎಂದರೆ ಅದಕ್ಕೆ ಕಾರಣ ಯಾವುದೇ ಸರ್ಕಾರಿ ಪತ್ರಾಗಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಹವ್ಯಾಸಿಗಳು ಕಟ್ಟಿದ ಸಂಗ್ರಹಗಳು ಮತ್ತು ಆ ಸಂಗ್ರಹಗಳಿಗೆ ಕಿವಿಗಳನ್ನು ಒದಗಿಸಿದ ಸಣ್ಣ ಅಂತರಜಾಲ ಬಾನುಲಿಗಳೇ ಅದಕ್ಕೆ ಕಾರಣ. ಈ ಬಾನುಲಿಗಳನ್ನು ಕೇವಲ ಪ್ರಸಾರ ಮಾಧ್ಯಮವೆಂದು ಭಾವಿಸಿದರೆ ಅವುಗಳ ಚಾರಿತ್ರಿಕ ಮಹತ್ವವು ಮರೆಯಾಗುತ್ತದೆ. ಅವು ಪ್ರಸಾರ ಮಾಡಿದವು ಮಾತ್ರವಲ್ಲ. ಕೃತಿಗೆ ಹೆಸರು, ಕಾಲ ಮತ್ತು ಕರ್ತೃತ್ವವನ್ನು ಗೊತ್ತುಪಡಿಸುವ ಕಾರ್ಯದಲ್ಲಿಯೂ ಪಾಲುಗೊಂಡವು. ಪ್ರಸ್ತುತ ಪ್ರಬಂಧದಲ್ಲಿ ಈ ಬೆಳವಣಿಗೆಯ ಹಂತಗಳನ್ನೂ ಅದು ಎದುರಿಸಿದ ಕಾನೂನಿನ ತೊಡಕುಗಳನ್ನೂ ಪರಿಶೀಲಿಸಲಾಗಿದೆ.

ಇಲ್ಲಿ ಒಂದು ಪದದ ಬಗೆಗೆ ಸ್ಪಷ್ಟನೆ ಅಗತ್ಯ. ಇಂಗ್ಲಿಷಿನಲ್ಲಿ 'ಅಂಡರ್‌ಗ್ರೌಂಡ್' ಎಂದು ಕರೆಯುವ ಸಂಗೀತವನ್ನು ಕನ್ನಡದಲ್ಲಿ 'ಭೂಗತ' ಎಂದರೆ ಅಪರಾಧಲೋಕದ ಅರ್ಥವೇ ಮೊದಲು ಹೊಳೆಯುತ್ತದೆ. ಮೂಲದಲ್ಲಿ ಆ ಪದವು ದೊಡ್ಡ ಮಾರುಕಟ್ಟೆಯ ಹೊರಗೆ, ಬಲ್ಲವರ ಚಿಕ್ಕ ವಲಯಗಳಲ್ಲಿ ಬೆಳೆದ ಸಂಗೀತವನ್ನು ಸೂಚಿಸುತ್ತದೆ. ಆದುದರಿಂದ ಇಲ್ಲಿ 'ಅಂಚಿನ ಸಂಗೀತ' ಎಂಬ ಮಾತನ್ನು ಬಳಸಲಾಗಿದೆ.

ಯಂತ್ರ ಮತ್ತು ನಾದ

1982ರಲ್ಲಿ ಅಮೆರಿಕದ ಕಮೋಡೋರ್ ಸಂಸ್ಥೆಯು ಮಾರುಕಟ್ಟೆಗೆ ತಂದ 'ಕಮೋಡೋರ್ 64' ಎಂಬ ಗಣಕಯಂತ್ರವು ಈ ಚರಿತ್ರೆಯ ಆರಂಭಬಿಂದುಗಳಲ್ಲಿ ಮುಖ್ಯವಾದುದು. ಕೇವಲ 64 ಕಿಲೋಬೈಟ್ ಸ್ಮೃತಿಯನ್ನು ಹೊಂದಿದ್ದ ಈ ಯಂತ್ರವು ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಇದರೊಳಗೆ 'ಸಿಡ್' ಎಂದು ಹೆಸರಾದ, 6581 ಎಂಬ ಸಂಖ್ಯೆಯ ಧ್ವನಿ ಚಿಪ್ ಇತ್ತು. ಇದನ್ನು ರೂಪಿಸಿದವರು ರಾಬರ್ಟ್ ಯಾನೆಸ್. ಆ ಕಾಲದ ಹಲವು ಗಣಕಗಳಲ್ಲಿ ಧ್ವನಿಯೆಂದರೆ ಎಚ್ಚರಿಕೆಯ ಸದ್ದಿಗಿಂತ ಹೆಚ್ಚಿನದೇನೂ ಆಗಿರಲಿಲ್ಲ. ಯಾನೆಸ್ ಅವರಾದರೋ ಸಂಗೀತ ವಾದ್ಯವನ್ನೇ ಮನಸ್ಸಿನಲ್ಲಿಟ್ಟುಕೊಂಡು ಚಿಪ್ಪನ್ನು ವಿನ್ಯಾಸಗೊಳಿಸಿದರು. ಅವರು ಮುಂದೆ ಎನ್ಸೋನಿಕ್ ಎಂಬ ವಿದ್ಯುನ್ಮಾನ ವಾದ್ಯಗಳ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದುದು ಈ ದೃಷ್ಟಿಗೆ ಸಾಕ್ಷಿಯಾಗಿದೆ.

ಸಿಡ್ ಚಿಪ್ಪಿಗೆ ಇದ್ದುದು ಮೂರೇ ಧ್ವನಿಗಳು. ಪ್ರತಿ ಧ್ವನಿಗೂ ನಾಲ್ಕು ಬಗೆಯ ತರಂಗರೂಪಗಳು ಲಭ್ಯವಿದ್ದವು: ತ್ರಿಕೋನ, ಗರಗಸದ ಹಲ್ಲು, ಆಯತಾಕಾರದ ಮಿಡಿತ ಮತ್ತು ಗೊರಗೊರ ಶಬ್ದ. ಜೊತೆಗೆ ಸ್ವರದ ಏರಿಳಿತವನ್ನು ನಿಯಂತ್ರಿಸುವ ವ್ಯವಸ್ಥೆಯೂ ಒಂದು ಶೋಧಕವೂ ಇದ್ದವು. ಈ ಮಿತಿಯೊಳಗೆ ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ, ಬೆನ್ ಡ್ಯಾಗ್ಲಿಷ್, ಯೆರೂನ್ ಟೆಲ್, ಕ್ರಿಸ್ ಹ್ಯೂಲ್ಸ್‌ಬೆಕ್ ಮೊದಲಾದವರು ಯುರೋಪಿನಲ್ಲಿ ಆಟಗಳಿಗೆ ಸಂಗೀತ ರಚಿಸಿದರು. ಮೂರು ಧ್ವನಿಗಳಲ್ಲಿ ಒಂದನ್ನು ಮಂದ್ರಕ್ಕೆ, ಒಂದನ್ನು ಮುಖ್ಯ ರಾಗಕ್ಕೆ ಮೀಸಲಿಟ್ಟರೆ ಉಳಿಯುವುದು ಒಂದೇ. ಆ ಒಂದರಲ್ಲಿಯೇ ಪಾಶ್ಚಾತ್ಯ ಸಂಗೀತದ ಸ್ವರಮೇಳವನ್ನು ನುಡಿಸಬೇಕಾದಾಗ ಮೂರು ಸ್ವರಗಳನ್ನು ಒಂದಾದ ಮೇಲೊಂದರಂತೆ ಅತಿವೇಗವಾಗಿ ಬದಲಿಸುತ್ತಿದ್ದರು. ಯುರೋಪಿನ ದೂರದರ್ಶನ ಪರದೆಯು ಸೆಕೆಂಡಿಗೆ 50 ಬಾರಿ ನವೀಕರಣಗೊಳ್ಳುತ್ತಿದ್ದುದರಿಂದ ಸ್ವರಗಳೂ ಅದೇ ವೇಗದಲ್ಲಿ ಬದಲಾಗುತ್ತಿದ್ದವು. ಕಿವಿಗೆ ಅದು ಮಿಡಿಯುವ ಸ್ವರಗುಚ್ಛದಂತೆ ಕೇಳಿಸುತ್ತಿತ್ತು. ಇಂದು ಹಳೆಯ ಗಣಕಸಂಗೀತವನ್ನು ಥಟ್ಟನೆ ಗುರುತಿಸುವಂತೆ ಮಾಡುವ ಆ ಝೇಂಕಾರವು ಹುಟ್ಟಿದ್ದು ಕೊರತೆಯಿಂದ.

1985ರಲ್ಲಿ ಬಂದ 'ಅಮಿಗಾ' ಗಣಕವು ಇನ್ನೊಂದು ದಾರಿಯನ್ನು ತೆರೆಯಿತು. ಇದರ 'ಪಾಲಾ' ಚಿಪ್ ನಾಲ್ಕು ವಾಹಿನಿಗಳಲ್ಲಿ ಧ್ವನಿಯ ತುಣುಕುಗಳನ್ನೇ ನುಡಿಸಬಲ್ಲುದಾಗಿತ್ತು. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ರೂಪಿಸಿದ 'ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್' ಎಂಬ ತಂತ್ರಾಂಶದಿಂದ 'ಟ್ರ್ಯಾಕರ್' ಪದ್ಧತಿಯು ನೆಲೆಗೊಂಡಿತು. ಇದರಲ್ಲಿ ಸ್ವರಗಳು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಹರಿಯುತ್ತವೆ. ಒಂದು ಖಂಡದಲ್ಲಿ 64 ಸಾಲುಗಳಿರುತ್ತವೆ. ಇಂಥ 'ಮಾಡ್ಯೂಲ್' ಕಡತದಲ್ಲಿ ಸ್ವರಲಿಪಿ ಮತ್ತು ವಾದ್ಯಧ್ವನಿ ಎರಡೂ ಒಟ್ಟಿಗೆ ಅಡಕವಾಗಿರುತ್ತಿದ್ದವು. ಆದುದರಿಂದ ಯಾರು ಬೇಕಾದರೂ ಕಡತವನ್ನು ತೆರೆದು, ರಚನೆಯ ಒಳಗುಟ್ಟನ್ನು ಓದಿ ಕಲಿಯಬಹುದಾಗಿತ್ತು. ಧ್ವನಿತುಣುಕುಗಳ ಹೆಸರಿಗೆಂದು ಮೀಸಲಾದ ಜಾಗದಲ್ಲಿ ರಚನಕಾರರು ತಮ್ಮ ಹೆಸರನ್ನೂ ಗೆಳೆಯರಿಗೆ ವಂದನೆಯನ್ನೂ ಬರೆದಿಡುತ್ತಿದ್ದರು. ನಮ್ಮ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರನು ಬರೆಯುತ್ತಿದ್ದ ಮಾತುಗಳನ್ನು ಬಲ್ಲವರಿಗೆ ಈ ರೂಢಿಯು ಅಪರಿಚಿತವೆನಿಸದು.

ಅಂಚೆಯಿಂದ ಭಂಡಾರಕ್ಕೆ

ಈ ಸಂಗೀತದ ಪ್ರಸಾರವು ಆರಂಭದಲ್ಲಿ ಅಂಚೆಯನ್ನೇ ಅವಲಂಬಿಸಿತ್ತು. ಆಟಗಳ ನಕಲು ತಡೆಯನ್ನು ಮುರಿದ ಯುವಕರ ಗುಂಪುಗಳು ತಮ್ಮ ಹೆಗ್ಗಳಿಕೆಯನ್ನು ಸಾರಲು ಆಟದ ಮೊದಲಿಗೆ ಚಿಕ್ಕ ಚಿತ್ರ ಮತ್ತು ಸಂಗೀತವನ್ನು ಸೇರಿಸುತ್ತಿದ್ದವು. ಕ್ರಮೇಣ ಆಟವು ಹಿಂದೆ ಸರಿದು ಆ ಮುನ್ನುಡಿಯೇ ಸ್ವತಂತ್ರ ಕಲೆಯಾಯಿತು. ಇದನ್ನು 'ಡೆಮೊ' ಎಂದೂ ಅದನ್ನು ರಚಿಸುವವರ ಸಮುದಾಯವನ್ನು 'ಡೆಮೊಸೀನ್' ಎಂದೂ ಕರೆಯುವುದು ರೂಢಿಯಾಯಿತು. ಸದಸ್ಯರು ಫ್ಲಾಪಿ ಡಿಸ್ಕುಗಳನ್ನು ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳುಹಿಸುತ್ತಿದ್ದರು. ನಂತರ ದೂರವಾಣಿ ತಂತಿಯ ಮೂಲಕ ಸಂಪರ್ಕಿಸುವ ಗಣಕ ಸೂಚನಾಫಲಕಗಳು ಬಂದವು. ಡೆನ್ಮಾರ್ಕಿನಲ್ಲಿ 1991ರಿಂದ 'ದಿ ಪಾರ್ಟಿ', ಫಿನ್ಲೆಂಡಿನಲ್ಲಿ 1992ರಿಂದ 'ಅಸೆಂಬ್ಲಿ' ಎಂಬ ದೊಡ್ಡ ಕೂಟಗಳು ನಡೆಯತೊಡಗಿ, ಅಲ್ಲಿ ಸಂಗೀತ ಸ್ಪರ್ಧೆಗಳು ಏರ್ಪಟ್ಟವು.

1994ರಲ್ಲಿ ಕಮೋಡೋರ್ ಸಂಸ್ಥೆಯು ದಿವಾಳಿಯಾಯಿತು. ಯಂತ್ರಗಳ ತಯಾರಿಕೆ ನಿಂತಿತು. ಕಾಂತಪಟ್ಟಿಯ ಡಿಸ್ಕುಗಳು ಸವೆಯತೊಡಗಿದವು. ಈ ಹಿನ್ನೆಲೆಯಲ್ಲಿ 1990ರ ದಶಕದ ಮಧ್ಯಭಾಗವು ಸಂಗ್ರಹಕಾರ್ಯದ ಕಾಲವಾಯಿತು. ಅಮಿಗಾ ತಂತ್ರಾಂಶಗಳ 'ಅಮಿನೆಟ್' ಭಂಡಾರವು 1992ರಲ್ಲಿಯೇ ಆರಂಭವಾಗಿತ್ತು. 1996ರಲ್ಲಿ ಮಾಡ್ಯೂಲ್ ಕಡತಗಳಿಗಾಗಿ 'ಮಾಡ್ ಆರ್ಕೈವ್' ಸ್ಥಾಪನೆಯಾಯಿತು. ಇಂದು ಅದರಲ್ಲಿ ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಕಮೋಡೋರ್ ಸಂಗೀತಕ್ಕೆಂದೇ ಸಿದ್ಧವಾದ 'ಹೈ ವೋಲ್ಟೇಜ್ ಸಿಡ್ ಕಲೆಕ್ಷನ್' ಇಂದು 50 ಸಾವಿರಕ್ಕೂ ಮೀರಿದ ಕೃತಿಗಳನ್ನು ಒಳಗೊಂಡಿದೆ. ಇದೇ ಅವಧಿಯಲ್ಲಿ ಡೆಮೊಗಳ ಬಹುಮುಖ್ಯ ನೆಲೆಯಾಗಿದ್ದ 'ಹಾರ್ನೆಟ್' ಭಂಡಾರವು 1998ರಲ್ಲಿ ತನ್ನ ಕೆಲಸವನ್ನು ನಿಲ್ಲಿಸಿದುದು, ಹವ್ಯಾಸಿಗಳ ದುಡಿಮೆಯನ್ನೇ ನಂಬಿದ ಸಂಸ್ಥೆಗಳು ಎಷ್ಟು ಅಸ್ಥಿರವೆಂಬುದನ್ನು ತೋರಿಸಿಕೊಟ್ಟಿತು.

ಸಿಡ್ ಸಂಗ್ರಹದ ಕಾರ್ಯವಿಧಾನವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಸ್ವಯಂಸೇವಕರು ಆಟದ ಕಡತದೊಳಗಿಂದ ಸಂಗೀತದ ಭಾಗವನ್ನಷ್ಟೇ ಬಿಡಿಸಿ ತೆಗೆದರು. ಅನೇಕ ಆಟಗಳಲ್ಲಿ ಸಂಗೀತಕಾರನ ಹೆಸರೇ ಇರಲಿಲ್ಲ, ಇದ್ದಲ್ಲಿಯೂ ಗುಪ್ತನಾಮವಿತ್ತು. ಶೈಲಿ, ಬಳಸಿದ ನುಡಿಸುವ ಕ್ರಮವಿಧಿ, ಸಮಕಾಲೀನರ ಹೇಳಿಕೆ ಇವುಗಳ ಆಧಾರದಿಂದ ಕರ್ತೃತ್ವವನ್ನು ನಿರ್ಣಯಿಸಲಾಯಿತು. ಕೃತಿಯು ಬೇರೊಂದು ಗೀತೆಯ ರೂಪಾಂತರವಾಗಿದ್ದರೆ ಮೂಲವನ್ನೂ, ರಚನಕಾರರೇ ನೀಡಿದ ವಿವರಣೆಗಳನ್ನೂ ಪ್ರತ್ಯೇಕ ಮಾಹಿತಿಪಟ್ಟಿಯಲ್ಲಿ ದಾಖಲಿಸಲಾಯಿತು. ಗ್ರಂಥಸಂಪಾದನ ಶಾಸ್ತ್ರದಲ್ಲಿ ಪಾಠನಿರ್ಣಯ, ಕವಿಕಾಲನಿರ್ಣಯ ಎಂದು ಕರೆಯುವ ಕೆಲಸಗಳನ್ನು ಇಲ್ಲಿ ಯಾವ ಪದವಿಯ ಅಪೇಕ್ಷೆಯೂ ಇಲ್ಲದವರು ಮಾಡಿದರು.

ಬಾನುಲಿ ಮತ್ತು ಗಣಕ: ಹಳೆಯ ನಂಟು

ಬಾನುಲಿಗೂ ಮನೆಯ ಗಣಕಕ್ಕೂ ಇರುವ ಸಂಬಂಧವು ಅಂತರಜಾಲಕ್ಕಿಂತ ಹಳೆಯದು. 1980ರ ದಶಕದ ಆರಂಭದಲ್ಲಿ ಗಣಕದ ಕ್ರಮವಿಧಿಗಳನ್ನು ಸಾಮಾನ್ಯ ಧ್ವನಿ ಕ್ಯಾಸೆಟ್ಟುಗಳಲ್ಲಿ ಉಳಿಸುತ್ತಿದ್ದರು. ಕ್ಯಾಸೆಟ್ಟಿನಲ್ಲಿರುವುದು ಧ್ವನಿಯೇ ಆದ್ದರಿಂದ ಅದನ್ನು ಬಾನುಲಿಯ ಮೂಲಕವೂ ಪ್ರಸಾರ ಮಾಡಬಹುದಾಗಿತ್ತು. ನೆದರ್ಲೆಂಡ್ಸಿನ ಸಾರ್ವಜನಿಕ ಪ್ರಸಾರಸಂಸ್ಥೆಯ 'ಹಾಬಿಸ್ಕೂಪ್' ಕಾರ್ಯಕ್ರಮವು ಕ್ರಮವಿಧಿಗಳನ್ನು ಹೀಗೆ ಬಿತ್ತರಿಸಿತು. ಬೇರೆಬೇರೆ ತಯಾರಿಕೆಯ ಗಣಕಗಳಲ್ಲಿ ಅವು ನಡೆಯುವಂತೆ 'ಬೇಸಿಕೋಡ್' ಎಂಬ ಸಾಮಾನ್ಯ ರೂಪವು ಬಳಕೆಗೆ ಬಂದಿತು. ಯುಗೋಸ್ಲಾವಿಯಾದ ಬೆಲ್‌ಗ್ರೇಡ್ ಬಾನುಲಿಯಲ್ಲಿ ಜೋರಾನ್ ಮೋದ್ಲಿ ನಡೆಸುತ್ತಿದ್ದ 'ವೆಂಟಿಲೇಟರ್ 202' ಕಾರ್ಯಕ್ರಮವೂ 1983ರಿಂದ ಇದೇ ಕೆಲಸವನ್ನು ಮಾಡಿತು. ಕೇಳುಗರು ಆ ಕರ್ಕಶ ಸದ್ದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಗಣಕಕ್ಕೆ ಉಣಿಸುತ್ತಿದ್ದರು. ಬಾನುಲಿಯು ಗಣಕವನ್ನು ಹೊತ್ತು ಸಾಗಿದ ಈ ಪ್ರಸಂಗವಾದ ಒಂದು ದಶಕದ ನಂತರ ಗಣಕವು ಬಾನುಲಿಯನ್ನು ಹೊತ್ತು ಸಾಗಿತು.

1993ರಲ್ಲಿ ಕಾರ್ಲ್ ಮಲಮುಡ್ ಅಮೆರಿಕದಲ್ಲಿ 'ಇಂಟರ್‌ನೆಟ್ ಟಾಕ್ ರೇಡಿಯೋ' ಎಂಬ ಪ್ರಯತ್ನವನ್ನು ಆರಂಭಿಸಿದರು. 1994ರ ನವೆಂಬರ್ 7ರಂದು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬಾನುಲಿಯು ತನ್ನ ಪ್ರಸಾರವನ್ನು ಅಂತರಜಾಲದಲ್ಲಿಯೂ ಹರಿಯಬಿಟ್ಟಿತು. 1995ರಲ್ಲಿ 'ರಿಯಲ್ ಆಡಿಯೋ' ಬಂದಿತು. ಆದರೆ ಸಾಮಾನ್ಯನು ತನ್ನ ಕೋಣೆಯಿಂದಲೇ ನಿಲಯವನ್ನು ನಡೆಸುವುದು ಸಾಧ್ಯವಾದದ್ದು 'ಶೌಟ್‌ಕಾಸ್ಟ್' ಮತ್ತು 'ಐಸ್‌ಕಾಸ್ಟ್' ತಂತ್ರಾಂಶಗಳಿಂದ. 1998ರ ಕೊನೆ ಮತ್ತು 1999ರ ಆರಂಭದ ನಡುವೆ ಬಳಕೆಗೆ ಬಂದ ಇವುಗಳಲ್ಲಿ ಮೊದಲನೆಯದನ್ನು ನಲ್‌ಸಾಫ್ಟ್ ಸಂಸ್ಥೆಯ ಜಸ್ಟಿನ್ ಫ್ರಾಂಕೆಲ್ ಮತ್ತು ಟಾಮ್ ಪೆಪ್ಪರ್ ರೂಪಿಸಿದರು. ಎರಡನೆಯದು ಮುಕ್ತ ತಂತ್ರಾಂಶವಾಗಿತ್ತು. ಪರವಾನಗಿ, ಗೋಪುರ, ತರಂಗಾಂತರದ ಹಂಚಿಕೆ ಯಾವುದೂ ಬೇಡದೆ ಒಂದು ಗಣಕ ಮತ್ತು ಒಂದು ಸಂಪರ್ಕದಿಂದ ನಿಲಯವು ಸಿದ್ಧವಾಗುತ್ತಿತ್ತು.

ಕೇಳುಗರೇ ನಡೆಸಿದ ನಿಲಯಗಳು

ಹೀಗೆ ಹುಟ್ಟಿದ ನಿಲಯಗಳಲ್ಲಿ ಮೊದಲಿಗೆ ಹೆಸರಿಸಬೇಕಾದುದು 2000ದಲ್ಲಿ ಫ್ರಾನ್ಸಿನಲ್ಲಿ ಆರಂಭವಾದ 'ನೆಕ್ಟರೀನ್'. ಡೆಮೊ ಸಂಗೀತಕ್ಕೆಂದೇ ಮೀಸಲಾದ ಈ ನಿಲಯದಲ್ಲಿ ಮುಂದೆ ಯಾವ ಕೃತಿ ಬರಬೇಕೆಂಬುದನ್ನು ಕೇಳುಗರೇ ಸರದಿಪಟ್ಟಿಗೆ ಸೇರಿಸುತ್ತಾರೆ. ಒಮ್ಮೆ ಬಂದ ಕೃತಿಯು ನಿಗದಿತ ಕಾಲ ಕಳೆಯುವವರೆಗೆ ಮತ್ತೆ ಬರುವಂತಿಲ್ಲ. ಈ ನಿಯಮವು ಮೇಲ್ನೋಟಕ್ಕೆ ಸಣ್ಣದು. ಆದರೆ ಅದರ ಪರಿಣಾಮ ದೊಡ್ಡದು. ಪ್ರಸಿದ್ಧವಾದ ಹತ್ತಾರು ಕೃತಿಗಳೇ ಮರಳಿ ಮರಳಿ ಕೇಳಿಬರುವುದನ್ನು ಅದು ತಡೆದು, ಭಂಡಾರದ ಮೂಲೆಯಲ್ಲಿರುವ ಕೃತಿಗಳತ್ತ ಕೈ ಚಾಚುವಂತೆ ಮಾಡುತ್ತದೆ. ಜೊತೆಜೊತೆಗೆ ಒಂದೇ ಸಾಲಿನ ಮಾತುಕತೆಗೂ ಅವಕಾಶವಿರುವುದರಿಂದ, ಕೃತಿಯು ನುಡಿಯುತ್ತಿರುವಾಗಲೇ ಅದರ ಬಗೆಗಿನ ನೆನಪು, ತಿದ್ದುಪಡಿ, ವಿಮರ್ಶೆಗಳು ಕೂಡಿಕೊಳ್ಳುತ್ತವೆ.

'ಕೊಹಿನಾ' ಎಂಬ ನಿಲಯದ ಹೆಸರು ಫಿನ್ನಿಷ್ ಭಾಷೆಯ ಪದ. ಬಾನುಲಿಯಲ್ಲಿ ನಿಲಯಗಳ ನಡುವೆ ಕೇಳಿಬರುವ ಸುಯ್ಯೆನ್ನುವ ಸದ್ದನ್ನು ಅದು ಸೂಚಿಸುತ್ತದೆ. ಹಳೆಯ ಆಟ ಮತ್ತು ಡೆಮೊಗಳ ಸಂಗೀತವನ್ನು ಮೂಲರೂಪದಲ್ಲಿ ಬಿತ್ತರಿಸುವುದು ಅದರ ಉದ್ದೇಶ. ಸ್ವೀಡನ್ನಿನ 'ಸ್ಲೇ ರೇಡಿಯೋ' ಇದಕ್ಕಿಂತ ಭಿನ್ನವಾದ ಹಾದಿಯನ್ನು ಹಿಡಿಯಿತು. ಕಮೋಡೋರ್ ಮತ್ತು ಅಮಿಗಾ ಕೃತಿಗಳನ್ನು ಇಂದಿನ ವಾದ್ಯಗಳಲ್ಲಿ ಮರುಸೃಷ್ಟಿಸಿದ ರೂಪಗಳೇ ಅದರ ಮುಖ್ಯ ಸಾಮಗ್ರಿ. ನಿರೂಪಕರು ನೇರಪ್ರಸಾರದಲ್ಲಿ ಕೇಳುಗರೊಡನೆ ಸಂವಾದಿಸುವ ಕಾರ್ಯಕ್ರಮಗಳೂ ಅದರಲ್ಲಿವೆ. ಸ್ವೀಡನ್ನಿನದೇ ಆದ 'ಸೀನ್‌ಸ್ಯಾಟ್' ಡೆಮೊಕೂಟಗಳ ಸ್ಥಳದಿಂದಲೇ ನೇರಪ್ರಸಾರ ಮಾಡಿ, ಬರಲಾಗದವರಿಗೂ ಸ್ಪರ್ಧೆಯ ಸಂಗೀತವನ್ನು ಮುಟ್ಟಿಸಿತು. ಸ್ವಿಟ್ಜರ್ಲೆಂಡಿನಲ್ಲಿ 1990ರ ದಶಕದ ಅಂತ್ಯದಲ್ಲಿ ಮೂಡಿದ 'ಮೈಕ್ರೋಮ್ಯೂಸಿಕ್' ಬಳಗವು ಹಳೆಯ ಯಂತ್ರಗಳಲ್ಲಿ ಹೊಸ ಸಂಗೀತವನ್ನು ರಚಿಸುವ ಕಿರಿಯರನ್ನು ಒಂದುಗೂಡಿಸಿತು.

ಗಣಕಸಂಗೀತದ ಸೋದರನೆನ್ನಬಹುದಾದ ಅಂಚಿನ ವಿದ್ಯುನ್ಮಾನ ಸಂಗೀತಕ್ಕೂ ಇಂಥದೇ ನೆಲೆಗಳು ದೊರೆತವು. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ 'ಐ-ಎಫ್' ಎಂಬ ಹೆಸರಿನಿಂದ ಪ್ರಸಿದ್ಧರಾದ ಸಂಗೀತಕಾರ ಫೆರೆಂಕ್ ವಾನ್ ಡೆರ್ ಸ್ಲೌಸ್ 'ಸೈಬರ್‌ನೆಟಿಕ್ ಬ್ರಾಡ್‌ಕಾಸ್ಟಿಂಗ್ ಸಿಸ್ಟಮ್' ಎಂಬ ಅಂತರಜಾಲ ನಿಲಯವನ್ನು ನಡೆಸಿದರು. ಸಮುದ್ರದಲ್ಲಿ ಲಂಗರು ಹಾಕಿದ ಹಡಗಿನಿಂದ 1960ರಿಂದ 1974ರವರೆಗೆ ಪ್ರಸಾರ ಮಾಡಿದ 'ರೇಡಿಯೋ ವೆರೋನಿಕಾ'ದಂಥ ಪರವಾನಗಿರಹಿತ ಬಾನುಲಿಗಳ ಪರಂಪರೆಯುಳ್ಳ ಆ ನಾಡಿನಲ್ಲಿ ಇದು ಅನಿರೀಕ್ಷಿತವೇನಲ್ಲ. ಇಟಲಿಯ ನೃತ್ಯಸಂಗೀತದ ಮರೆತುಹೋದ ತಟ್ಟೆಗಳು, ಸಣ್ಣ ಸಂಸ್ಥೆಗಳು ಕೆಲವೇ ನೂರು ಪ್ರತಿಗಳಲ್ಲಿ ಹೊರತಂದ ವಿದ್ಯುನ್ಮಾನ ಕೃತಿಗಳು ಅಲ್ಲಿ ಮರುಜೀವ ಪಡೆದವು. 2008ರಲ್ಲಿ ಆ ನಿಲಯವು ಮುಚ್ಚಿ, ಅದರ ಬೆನ್ನಿಗೆ 'ಇಂಟರ್‌ಗ್ಯಾಲಾಕ್ಟಿಕ್ ಎಫ್‌ಎಂ' ತಲೆಯೆತ್ತಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಸ್ಟಿ ಹಾಜ್ 2000ದಲ್ಲಿ ಕಟ್ಟಿದ 'ಸೋಮಾ ಎಫ್‌ಎಂ' ಜಾಹೀರಾತನ್ನು ದೂರವಿಟ್ಟು ಕೇಳುಗರ ಕಾಣಿಕೆಯನ್ನೇ ನಂಬಿದ ನಿಲಯವಾಗಿದೆ.

ತಂತ್ರದ ಎರಡು ಸಮಸ್ಯೆಗಳು

ಗಣಕಸಂಗೀತವನ್ನು ಬಾನುಲಿಗೆ ಅಳವಡಿಸುವುದು ಸರಳವಾಗಿರಲಿಲ್ಲ. ಮೊದಲನೆಯ ಸಮಸ್ಯೆ ಕಾಲಾವಧಿಯದು. ಆಟದ ಸಂಗೀತಕ್ಕೆ ಅಂತ್ಯವೆಂಬುದಿಲ್ಲ. ಆಟಗಾರನು ಆಡುತ್ತಿರುವವರೆಗೂ ಅದು ಸುತ್ತಿ ಸುತ್ತಿ ನುಡಿಯುತ್ತದೆ. ಸಿಡ್ ಕಡತದಲ್ಲಿ ಕೃತಿಯ ಅವಧಿ ಎಷ್ಟೆಂಬ ಮಾಹಿತಿಯೇ ಇರುವುದಿಲ್ಲ. ಬಾನುಲಿಗಾದರೋ ಒಂದು ಕೃತಿ ಮುಗಿದು ಇನ್ನೊಂದು ಆರಂಭವಾಗಲೇಬೇಕು. ಆದುದರಿಂದ ಸ್ವಯಂಸೇವಕರು ಸಂಗ್ರಹದ ಕೃತಿಗಳಿಗೆ ಕಾಲಾವಧಿಯ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಎಲ್ಲಿಗೆ ಆವರ್ತ ಪೂರ್ಣವಾಗುತ್ತದೆ, ಎಲ್ಲಿ ಕೃತಿಯನ್ನು ಮುಗಿಸಬೇಕು ಎಂಬ ನಿರ್ಣಯವು ಇದರಿಂದ ಸಾಧ್ಯವಾಯಿತು. ಕೊನೆಯಿಲ್ಲದ ಹಿನ್ನೆಲೆ ನಾದವು ಆದಿ ಅಂತ್ಯಗಳುಳ್ಳ 'ಕೃತಿ'ಯಾಗಿ ಮಾರ್ಪಟ್ಟುದು ಹೀಗೆ.

ಎರಡನೆಯದು ನಾದದ ಪ್ರಾಮಾಣ್ಯದ ಪ್ರಶ್ನೆ. 6581 ಚಿಪ್ಪಿನ ಶೋಧಕವು ಒಂದು ಬಿಡಿಯಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು; ಒಂದು ಯಂತ್ರದಲ್ಲಿ ಕಂಚಿನಂತೆ ಮೊಳಗುವ ಸ್ವರವು ಇನ್ನೊಂದರಲ್ಲಿ ಮಂಕಾಗಿ ಕೇಳುತ್ತಿತ್ತು. ನಂತರ ಬಂದ 8580 ಎಂಬ ಪರಿಷ್ಕೃತ ಚಿಪ್ಪಿನಲ್ಲಿ ಈ ದೋಷಗಳು ತಗ್ಗಿದವು. ಆದರೆ ಹಿಂದಿನ ಚಿಪ್ಪಿನ ದೋಷವೊಂದನ್ನೇ ಗುಣವಾಗಿಸಿಕೊಂಡು, ಧ್ವನಿಮಟ್ಟವನ್ನು ಅತಿವೇಗವಾಗಿ ಬದಲಿಸಿ ಡೋಲಿನ ಪೆಟ್ಟು, ಮನುಷ್ಯ ಕಂಠ ಮುಂತಾದವನ್ನು ಹೊರಡಿಸಿದ್ದ ಕೃತಿಗಳಲ್ಲಿ ಆ ಭಾಗವು ಹೊಸ ಚಿಪ್ಪಿನಲ್ಲಿ ಬಹುಮಟ್ಟಿಗೆ ಕೇಳದಂತಾಯಿತು. ಯುರೋಪಿನ 50 ಆವರ್ತನದ ಯಂತ್ರಕ್ಕೆ ಬರೆದುದನ್ನು ಅಮೆರಿಕದ 60 ಆವರ್ತನದ ಯಂತ್ರದಲ್ಲಿ ನುಡಿಸಿದರೆ ಲಯವೇ ಚುರುಕಾಗುತ್ತಿತ್ತು. ಹೀಗಿರುವಾಗ ಮೂಲಪಾಠ ಯಾವುದು? ಇದಕ್ಕೆ ಉತ್ತರವಾಗಿ, ಯಾವ ಕೃತಿಯು ಯಾವ ಚಿಪ್ಪಿಗೆ, ಯಾವ ವೇಗಕ್ಕೆ ರಚಿತವಾಯಿತೆಂಬ ವಿವರವನ್ನು ಕಡತದಲ್ಲಿಯೇ ನಮೂದಿಸುವ ಪದ್ಧತಿ ಬಂದಿತು.

ಇಲ್ಲಿ ಒಂದು ವೈಪರೀತ್ಯವನ್ನೂ ಗಮನಿಸಬೇಕು. ಮೂರು ನಿಮಿಷ ನುಡಿಯುವ ಸಿಡ್ ಕೃತಿಯೊಂದು 4 ಕಿಲೋಬೈಟಿನಷ್ಟು ಚಿಕ್ಕದಾಗಿರಬಹುದು. ಅದನ್ನೇ ಸೆಕೆಂಡಿಗೆ 128 ಕಿಲೋಬಿಟ್ ಪ್ರಮಾಣದ ಎಂಪಿ3 ಪ್ರವಾಹವಾಗಿ ಕಳುಹಿಸಿದರೆ ಒಬ್ಬ ಕೇಳುಗನಿಗೆ ಸುಮಾರು 2,880 ಕಿಲೋಬೈಟ್ ಬೇಕು. ಎಂದರೆ ಮೂಲದ 700 ಪಟ್ಟಿಗೂ ಹೆಚ್ಚು. ಕಡತವನ್ನೇ ಪಡೆದುಕೊಳ್ಳುವುದು ಇಷ್ಟು ಸುಲಭವಾಗಿರುವಾಗ ಬಾನುಲಿಯ ಅಗತ್ಯವೇನು? ಭಂಡಾರಕ್ಕೆ ಹೋಗುವವನು ತಾನು ಬಲ್ಲ ಹೆಸರನ್ನು ಹುಡುಕುತ್ತಾನೆ. ಬಾನುಲಿಯ ಮುಂದೆ ಕುಳಿತವನು ತಾನು ಅರಿಯದ ಹೆಸರನ್ನು ಎದುರುಗೊಳ್ಳುತ್ತಾನೆ. ಅದೇ ಕ್ಷಣದಲ್ಲಿ ಅದೇ ಕೃತಿಯನ್ನು ಕೇಳುತ್ತಿರುವ ಬೇರೆ ದೇಶದವರ ಇರವು ಅವನ ಅರಿವಿನಲ್ಲಿರುತ್ತದೆ. ಓಲೆಯ ಕಟ್ಟಿನಲ್ಲಿರುವ ಕಾವ್ಯಕ್ಕೂ ಗಮಕಿಯು ಸಭೆಯಲ್ಲಿ ವಾಚಿಸಿದ ಕಾವ್ಯಕ್ಕೂ ಇರುವ ಅಂತರವೇ ಇದು.

ಎಣಿಕೆಯ ಕಾನೂನು

ಈ ಸಣ್ಣ ನಿಲಯಗಳಿಗೆ ದೊಡ್ಡ ಗಂಡಾಂತರವು ಒದಗಿದುದು ತಂತ್ರದಿಂದಲ್ಲ, ಕಾನೂನಿನಿಂದ. ಅಮೆರಿಕದಲ್ಲಿ ಗೋಪುರದ ಮೂಲಕ ಪ್ರಸಾರ ಮಾಡುವ ಸಾಂಪ್ರದಾಯಿಕ ಬಾನುಲಿಗಳು ಗೀತರಚನಕಾರರಿಗೆ ಹಣ ಕೊಡುತ್ತವೆಯೇ ಹೊರತು ಧ್ವನಿಮುದ್ರಣದ ಹಕ್ಕುದಾರರಿಗೆ ಕೊಡುವುದಿಲ್ಲ. 1995 ಮತ್ತು 1998ರ ಶಾಸನಗಳು ಅಂತರಜಾಲ ಪ್ರಸಾರದ ಮೇಲೆ ಆ ಹೊಣೆಯನ್ನು ಹೊರಿಸಿದವು. ದರವು ಎಷ್ಟಿರಬೇಕೆಂಬ ವಿವಾದದ ಕೊನೆಯಲ್ಲಿ, 2002ರ ಜೂನ್‌ನಲ್ಲಿ, ಒಬ್ಬ ಕೇಳುಗನಿಗೆ ಒಂದು ಗೀತೆಗೆ 0.07 ಸೆಂಟ್ ಎಂದು ನಿಗದಿಯಾಯಿತು.

ಈ ಮೊತ್ತವು ಕ್ಷುಲ್ಲಕವೆಂದು ತೋರಬಹುದು. ಆದರೆ ಗಂಟೆಗೆ 15 ಗೀತೆಗಳನ್ನು ಬಿತ್ತರಿಸುವ, ಸದಾ 500 ಮಂದಿ ಕೇಳುಗರಿರುವ ಒಂದು ನಿಲಯವನ್ನು ಊಹಿಸಿದರೆ ದಿನಕ್ಕೆ 1,80,000 ಎಣಿಕೆಗಳಾಗುತ್ತವೆ. ಅದಕ್ಕೆ ತಗಲುವ ಹಣ ದಿನಕ್ಕೆ 126 ಡಾಲರ್. ವರ್ಷಕ್ಕೆ ಸುಮಾರು 46 ಸಾವಿರ ಡಾಲರ್. ಆದಾಯವಿಲ್ಲದ ಹವ್ಯಾಸಿಗೆ ಇದು ಅಸಾಧ್ಯ. ಕೇಳುಗರು ಹೆಚ್ಚಿದಂತೆ ನಿಲಯವು ಬಡವಾಗುತ್ತದೆ ಎಂಬುದು ಈ ವ್ಯವಸ್ಥೆಯ ತಿರುಳು. 2002ರಲ್ಲಿ ಸೋಮಾ ಎಫ್‌ಎಂ ಸೇರಿದಂತೆ ಹಲವು ನಿಲಯಗಳು ಪ್ರಸಾರವನ್ನು ನಿಲ್ಲಿಸಿದವು. ಆ ವರ್ಷದ ಡಿಸೆಂಬರ್‌ನಲ್ಲಿ ಅಂಕಿತಗೊಂಡ ಸಣ್ಣ ಪ್ರಸಾರಕರ ಒಪ್ಪಂದದ ಶಾಸನವು ಆದಾಯದ ಪಾಲನ್ನು ಆಧರಿಸಿದ ಪಾವತಿಗೆ ದಾರಿ ಮಾಡಿದುದರಿಂದ ಕೆಲವು ನಿಲಯಗಳು ಉಳಿದುಕೊಂಡವು. 2007ರಲ್ಲಿ ದರವು ಮತ್ತೆ ಏರುವ ಸೂಚನೆ ಬಂದಾಗ ಜೂನ್ 26ರಂದು ಅನೇಕ ನಿಲಯಗಳು ಒಂದು ದಿನದ ಮೌನವನ್ನು ಆಚರಿಸಿದವು. ಬಾನುಲಿಗೆ ಮೌನಕ್ಕಿಂತ ಪರಿಣಾಮಕಾರಿಯಾದ ಪ್ರತಿಭಟನೆ ಬೇರೊಂದಿಲ್ಲ. 2009ರ ಹೊತ್ತಿಗೆ ಮತ್ತೊಂದು ಸುತ್ತಿನ ಒಪ್ಪಂದಗಳಾದವು.

ರಚನಕಾರರ ಪಕ್ಷವನ್ನೂ ಇಲ್ಲಿ ಅಲಕ್ಷಿಸುವಂತಿಲ್ಲ. ಕೃತಿಗೆ ಪ್ರತಿಫಲ ಬೇಕೆಂಬ ವಾದದಲ್ಲಿ ನ್ಯಾಯವಿದೆ. ಆದರೆ ಪ್ರಸಿದ್ಧ ಧ್ವನಿಮುದ್ರಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಕಾನೂನು ಅಂಚಿನ ರಚನಕಾರರನ್ನು ಎಷ್ಟರಮಟ್ಟಿಗೆ ಕಾಪಾಡಿತು ಎಂಬುದಕ್ಕೆ ಒಂದು ಮೊಕದ್ದಮೆಯು ನಿದರ್ಶನವಾಗಿದೆ. ಫಿನ್ಲೆಂಡಿನ ಯಾನ್ನೆ ಸುನಿ ರಚಿಸಿದ 'ಆಸಿಡ್‌ಜ್ಯಾಝ್ಡ್ ಈವ್ನಿಂಗ್' ಎಂಬ ಅಮಿಗಾ ಕೃತಿಯು ಅಸೆಂಬ್ಲಿ 2000 ಕೂಟದ ಹಳೆಯ ಶೈಲಿಯ ಸಂಗೀತ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ ಗಳಿಸಿತ್ತು. ನಾರ್ವೆಯ ಗ್ಲೆನ್ ರೂನೆ ಗಾಲೆಫೋಸ್ ಅದನ್ನು ಸಿಡ್ ಚಿಪ್ಪಿಗೆ ಅಳವಡಿಸಿದರು. ಆ ರೂಪವನ್ನು ಅಮೆರಿಕದ ಖ್ಯಾತ ನಿರ್ಮಾಪಕ ಟಿಂಬಲ್ಯಾಂಡ್ ಬಳಸಿಕೊಂಡರು, 2006ರಲ್ಲಿ ಹೊರಬಂದ ನೆಲ್ಲಿ ಫುರ್ಟಾಡೋ ಅವರ ಗೀತೆಯೊಂದರಲ್ಲಿಯೂ ಅದಿದೆ ಎಂಬ ಆರೋಪದ ಮೇಲೆ ಹಕ್ಕುಗಳನ್ನು ಪಡೆದಿದ್ದ ಫಿನ್ಲೆಂಡಿನ ಸಂಸ್ಥೆಯೊಂದು ಫ್ಲಾರಿಡಾದ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಕೃತಿಯು ಮೊದಲು ಪ್ರಕಟವಾದುದು ಆಸ್ಟ್ರೇಲಿಯಾದ ಡಿಸ್ಕ್ ಪತ್ರಿಕೆಯೊಂದರಲ್ಲಿ. 'ಡಿಸ್ಕ್ ಪತ್ರಿಕೆ' ಎಂದರೆ ಕೈಗೆ ಸಿಗುವ ಡಿಸ್ಕೇ ಅಥವಾ ಅಂತರಜಾಲದಲ್ಲಿ ಹರಡಿದ ಕಡತವೇ ಎಂಬುದು ಅಲ್ಲಿ ನಿರ್ಣಾಯಕ ಪ್ರಶ್ನೆಯಾಯಿತು. ಅಂತರಜಾಲದಲ್ಲಿ ಪ್ರಕಟವಾದುದು ಎಲ್ಲ ದೇಶಗಳಲ್ಲಿಯೂ ಏಕಕಾಲಕ್ಕೆ ಪ್ರಕಟವಾದಂತೆ, ಆದ್ದರಿಂದ ಅಮೆರಿಕದಲ್ಲಿ ಮೊದಲೇ ನೋಂದಣಿ ಆಗಬೇಕಿತ್ತು ಎಂದು 2011ರಲ್ಲಿ ಕೆಳಗಿನ ನ್ಯಾಯಾಲಯವು ದಾವೆಯನ್ನು ತಳ್ಳಿಹಾಕಿತು. 2012ರಲ್ಲಿ ಮೇಲ್ಮನವಿ ನ್ಯಾಯಾಲಯವು, ಪ್ರಕಟಣೆಯ ವಿಧಾನದ ಬಗೆಗೆ ಸಾಕಷ್ಟು ಪುರಾವೆಯಿಲ್ಲವೆಂಬ ಕಾರಣ ನೀಡಿ ಆ ಫಲಿತಾಂಶವನ್ನೇ ಎತ್ತಿಹಿಡಿಯಿತು. ಕೃತಿಚೌರ್ಯ ನಡೆದಿತ್ತೆ ಎಂಬ ಮೂಲಪ್ರಶ್ನೆಗೆ ಉತ್ತರ ದೊರೆಯಲೇ ಇಲ್ಲ. ಕೇಳುಗರ ತಲೆಯೆಣಿಸಿ ಶುಲ್ಕ ಕೇಳಿದ ವ್ಯವಸ್ಥೆಯು ಸಣ್ಣ ರಚನಕಾರನ ಹಕ್ಕಿನ ವಿಷಯ ಬಂದಾಗ ನೋಂದಣಿಯ ಚೀಟಿಯನ್ನು ಕೇಳಿತು.

ಮನ್ನಣೆ ಮತ್ತು ಉಳಿವು

ತಡವಾಗಿಯಾದರೂ ಅಧಿಕೃತ ಮನ್ನಣೆಯು ಈ ಸಮುದಾಯದತ್ತ ತಿರುಗಿದೆ. ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಒಡಂಬಡಿಕೆಯಂತೆ ಸಿದ್ಧವಾಗುವ ರಾಷ್ಟ್ರೀಯ ಪಟ್ಟಿಗಳಲ್ಲಿ ಫಿನ್ಲೆಂಡ್ 2020ರಲ್ಲಿ, ಜರ್ಮನಿ ಮತ್ತು ಪೋಲೆಂಡ್ 2021ರಲ್ಲಿ ಡೆಮೊಸೀನನ್ನು ಸೇರಿಸಿದವು. ನಕಲು ತಡೆಯನ್ನು ಮುರಿಯುವ ಹುಡುಗರ ಚಟವೆಂದು ಒಮ್ಮೆ ಕಡೆಗಣಿಸಲ್ಪಟ್ಟುದು ನಾಲ್ಕು ದಶಕಗಳೊಳಗೆ ಪರಂಪರೆಯೆನಿಸಿತು. ಆದರೆ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ನಿಲಯದ ವಿದ್ಯುತ್ ಶುಲ್ಕ ಪಾವತಿಯಾಗುವುದಿಲ್ಲ. ಶೌಟ್‌ಕಾಸ್ಟನ್ನು ರೂಪಿಸಿದ ಸಂಸ್ಥೆಯನ್ನು 1999ರಲ್ಲಿ ಎಒಎಲ್ ಕೊಂಡುಕೊಂಡಿತು. 2014ರಲ್ಲಿ ಅದು ಮತ್ತೆ ಕೈ ಬದಲಿಸಿತು. ಆ ಕಾಲದ ನಿಲಯಗಳಲ್ಲಿ ಎಷ್ಟೋ ಇಂದು ಹೆಸರೂ ಉಳಿಯದಂತೆ ಅಳಿದಿವೆ. ಉಳಿದವು ಬೆರಳೆಣಿಕೆಯ ಸ್ವಯಂಸೇವಕರ ಬಿಡುವಿನ ವೇಳೆಯನ್ನು ನೆಚ್ಚಿಕೊಂಡಿವೆ. ಬೆನ್ ಡ್ಯಾಗ್ಲಿಷ್ 2018ರಲ್ಲಿ ನಿಧನರಾದರು. ಮೊದಲ ತಲೆಮಾರಿನ ರಚನಕಾರರು ವೃದ್ಧಾಪ್ಯದತ್ತ ಸಾಗುತ್ತಿರುವಾಗ ಅವರ ನೆನಪನ್ನು ದಾಖಲಿಸುವ ಕಾಲಾವಕಾಶವೂ ಕಿರಿದಾಗುತ್ತಿದೆ.

ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ, ಹಳೆಯ ಗಣಕಯಂತ್ರಗಳ ಸಂಗೀತವು ಉಳಿದುಬಂದುದರಲ್ಲಿ ಮೂರು ಕ್ರಿಯೆಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಸಂಗ್ರಹ, ಸವೆಯುತ್ತಿದ್ದ ಡಿಸ್ಕುಗಳಿಂದ ಕಡತಗಳನ್ನು ಬಿಡಿಸಿ ತೆಗೆದುದು. ಎರಡನೆಯದು ನಾಮಕರಣ; ಹೆಸರಿಲ್ಲದ ಕೃತಿಗೆ ಕರ್ತೃವನ್ನೂ ಕಾಲವನ್ನೂ ಕೊನೆಯನ್ನೂ ಗೊತ್ತುಮಾಡಿದುದು. ಮೂರನೆಯದು ಶ್ರವಣ, ಅದನ್ನು ಒಟ್ಟಾಗಿ ಕೇಳಿದುದು. ಮೊದಲೆರಡನ್ನು ಭಂಡಾರಗಳು ನೆರವೇರಿಸಿದವು. ಮೂರನೆಯದು ಇಲ್ಲದಿದ್ದರೆ ಆ ಭಂಡಾರಗಳು ಯಾರೂ ಬಿಚ್ಚದ ಕಟ್ಟುಗಳಾಗಿ ಉಳಿಯುತ್ತಿದ್ದವು. ಕೇಳಿದವನು ತಪ್ಪನ್ನು ಗುರುತಿಸಿದ, ತಪ್ಪು ತಿದ್ದುಪಡಿಯಾಯಿತು, ತಿದ್ದಿದ ಹೆಸರು ಮತ್ತೆ ಬಾನುಲಿಯಲ್ಲಿ ಕಾಣಿಸಿತು. ಈ ಆವರ್ತದಲ್ಲಿಯೇ ಆಟದ ಹಿನ್ನೆಲೆಯ ಸದ್ದು ಚರಿತ್ರೆಯುಳ್ಳ ಸಂಗೀತವಾಯಿತು.

ಪತ್ರಾಗಾರಗಳು ಡಿಜಿಟಲ್ ದಾಖಲೆಗಳ ರಕ್ಷಣೆಗೆ ತೊಡಗಿರುವ ಇಂದಿನ ಕಾಲದಲ್ಲಿ ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಕಡತವನ್ನು ಸುರಕ್ಷಿತವಾಗಿ ಇರಿಸುವುದು ರಕ್ಷಣೆಯ ಅರ್ಧಭಾಗ ಮಾತ್ರ. ಅದನ್ನು ನುಡಿಸುವ ಯಂತ್ರದ ಅರಿವು, ನುಡಿಸುವ ಸಂದರ್ಭ, ಕೇಳಿ ತಿದ್ದುವ ಬಳಗ ಇವು ಇಲ್ಲವಾದರೆ ಉಳಿಯುವುದು ಅಂಕಿಗಳ ರಾಶಿಯಷ್ಟೇ. ಆ ಉಳಿದ ಅರ್ಧವನ್ನು ಈ ಸಣ್ಣ ನಿಲಯಗಳು ಎರಡು ದಶಕಗಳಿಗೂ ಮೀರಿ ಹೊತ್ತುಕೊಂಡು ಬಂದಿವೆ. ಅವನ್ನು ಕೇಳುವವರಿರುವಾಗಲೇ ಅವುಗಳ ಸ್ವಂತ ಚರಿತ್ರೆಯನ್ನೂ ದಾಖಲಿಸುವುದು ಸಂಶೋಧಕರ ಮುಂದಿರುವ ಕೆಲಸವಾಗಿದೆ.